ಕಲ್ಲಿನ ಪ್ರತಿ ತಗಂಡೋದವರು, ತಂದುಕೊಟ್ಟವರು

ಕೆ.ಆರ್. ಪೇಟೆ ಕಡೆಯ ಒಂದು ಊರಿಗೆ ಕೆರೆ ಹೂಳಿನ ಸುದ್ದಿ ಮಾಡಲು ಹೋಗಿದ್ದೆ. ಏರಿಯ ಪಕ್ಕದಲ್ಲಿ ಅರ್ಧ ಹೂತುಹೋದ ಒಂದು ಕಲ್ಲಿತ್ತು. ಮೇಲೆ ಸೂರ್ಯ ಚಂದ್ರ, ಕೆಳಗೆ ಸಾಲು ಸಾಲು ಅಕ್ಷರ. ಅಭ್ಯಾಸಬಲದಂತೆ ಮೊಬೈಲ್ ತೆಗೆದು ನಾಲ್ಕು ಫೋಟೊ ಹೊಡೆದೆ. ಎಮ್ಮೆ ಮೇಯಿಸುತ್ತಿದ್ದ ತಾತ ನೋಡುತ್ತಾ ನಿಂತಿದ್ದರು.

"ನೀನೂ ತಗಂಡೋಯ್ತಿಯೇನ್ ಮಗ? ಬರೋರೆಲ್ಲ ಫೋಟ ತಗಂಡೋಯ್ತರೆ. ಏನ್ ಬರ್ದದೆ ಅಂತ ತಿರ್ಗ ಬಂದು ಯೋಳ್ದೋರು ಒಬ್ರೂ ಇಲ್ಲ" ಅಂದರು.

"ಯೋಳ್ತೀನಿ ತಾತ" ಅಂದು ಬಂದೆ. ಸುದ್ದಿಗೆ ಆ ಫೋಟೊ ಬೇಕಾಗಲಿಲ್ಲ. ಅದು ಲ್ಯಾಪ್‌ಟಾಪಿನ ಒಂದು ಫೋಲ್ಡರಿಗೆ ಸೇರಿ ಎರಡು ವರ್ಷ ಅಲ್ಲೇ ಉಳಿಯಿತು. ಅದೇ ಫೋಲ್ಡರಿನಲ್ಲಿ ಡೌನ್‌ಲೋಡ್ ಮಾಡಿಟ್ಟು ಓದದ ಶಾಸನ ಸಂಪುಟಗಳ ಪಿಡಿಎಫ್‌ಗಳಿವೆ, ಹಳೆಯ ಗೆಜೆಟಿಯರ್‌ಗಳಿವೆ, ಯಾರೋ ಕಳಿಸಿದ ಓಲೆಗರಿಗಳ ಚಿತ್ರಗಳಿವೆ. ನಮ್ಮ ಬ್ಯಾಚಿನ ಎಲ್ಲರ ಹತ್ತಿರವೂ ಇಂಥದ್ದೊಂದು ಫೋಲ್ಡರ್ ಇದೆ ಅಂತ ನನಗೆ ಗೊತ್ತು. ನಾವು ಕಳ್ಳರಲ್ಲ. ಆದರೆ ತಂದದ್ದನ್ನು ಬಳಸಿಲ್ಲ, ಬಳಸುವವರಿಗೆ ಕೊಟ್ಟೂ ಇಲ್ಲ.

ತನಗೆ ಬೇಡವಾದ ದಾಖಲೆಯನ್ನು ತಂದವನು ಏನು ಮಾಡಬೇಕು? ಈ ಪ್ರಶ್ನೆ ಇಂಟರ್‌ನೆಟ್ ಕಾಲದ್ದು ಅನ್ನಿಸಬಹುದು. ಆದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಮಟ್ಟಿಗೆ ಇದಕ್ಕೆ 220 ವರ್ಷ ದಾಟಿದೆ. ತಗಂಡು ಹೋದವರೂ ಇಲ್ಲಿಗೇ ಬಂದಿದ್ದರು, ತಂದುಕೊಟ್ಟವರೂ ಇಲ್ಲಿಗೇ ಬಂದಿದ್ದರು.

ಕೋಟೆಯಿಂದ ಹೋದ ಪುಸ್ತಕಗಳು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಆಮೇಲೆ ನಡೆದ ಲೂಟಿಯ ಬಗ್ಗೆ ಹೇಳುವಾಗ ಎಲ್ಲರೂ ಮರದ ಹುಲಿ, ಕತ್ತಿ, ಸಿಂಹಾಸನದ ಚಿನ್ನದ ಹುಲಿಮುಖಗಳ ಹೆಸರು ಹೇಳುತ್ತಾರೆ. ಅರಮನೆಯ ಪುಸ್ತಕ ಭಂಡಾರವೂ ಅದೇ ದಾರಿಯಲ್ಲಿ ಹೋಯಿತು. ಸುಮಾರು 2,000 ಹಸ್ತಪ್ರತಿಗಳಿದ್ದ ಈ ಭಂಡಾರ ಕಂಪನಿಯ ಕೈಸೇರಿತು. ಹೆಚ್ಚಿನ ಭಾಗ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಹೋಯಿತು. ಕೆಲವು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೆ ಹೋದವು. ಕಾಲೇಜಿನಲ್ಲಿದ್ದ ಎಷ್ಟೋ ಪುಸ್ತಕಗಳು ಮುಂದೆ ಲಂಡನ್ ಸೇರಿದವು.

ಈ ಪುಸ್ತಕಗಳ ಪಟ್ಟಿ ಮಾಡಿದವನು ಚಾರ್ಲ್ಸ್ ಸ್ಟೂವರ್ಟ್. ಅವನ ಪಟ್ಟಿ 1809ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾಯಿತು. ಅದರಲ್ಲಿ ಅವನು ಒಂದು ಮಾತು ಹೇಳುತ್ತಾನೆ: ಈ ಪುಸ್ತಕಗಳಲ್ಲಿ ಟಿಪ್ಪುವಾಗಲಿ ಹೈದರನಾಗಲಿ ಹಣ ಕೊಟ್ಟು ಕೊಂಡವು ಬಹಳ ಕಡಿಮೆ, ಸವಣೂರು, ಕಡಪ, ಕರ್ನಾಟಿಕ್ ಸೀಮೆಗಳಿಂದ ಯುದ್ಧದಲ್ಲಿ ತಂದವೇ ಜಾಸ್ತಿ. ಅಂದರೆ ಒಂದು ಸಲ ಲೂಟಿಯಾಗಿ ಬಂದದ್ದು ಇನ್ನೊಂದು ಸಲ ಲೂಟಿಯಾಗಿ ಹೋಯಿತು. ನಡುವೆ ಸವಣೂರಿನವರಿಗೂ ಸಿಗಲಿಲ್ಲ, ಶ್ರೀರಂಗಪಟ್ಟಣದವರಿಗೂ ಸಿಗಲಿಲ್ಲ.

ಆದರೂ ಸ್ಟೂವರ್ಟ್ ಮಾಡಿದ ಪಟ್ಟಿಗೆ ಬೆಲೆಯಿದೆ. ಏನೇನಿತ್ತು ಅಂತ ಇವತ್ತು ಹೇಳಲು ಆಗುತ್ತಿರುವುದು ಆ ಪಟ್ಟಿಯಿಂದ. ಮರಳಿ ಕೊಡಲು ಆಗದವನೂ ಕನಿಷ್ಠ ಪಕ್ಷ 'ನನ್ನ ಹತ್ತಿರ ಇಂತಿಂಥದ್ದಿದೆ' ಅಂತ ಹೇಳಬಹುದು. ಅದು ಮೊದಲ ಮೆಟ್ಟಿಲು.

ಅದೇ ಲೂಟಿಯ ಕಾಗದಗಳಲ್ಲಿ ಟಿಪ್ಪುವಿನ ಪತ್ರಗಳೂ ಇದ್ದವು. ಅವನ್ನು ಇಂಗ್ಲಿಷಿಗೆ ತಂದು 1811ರಲ್ಲಿ ಲಂಡನ್‌ನಲ್ಲಿ ಪ್ರಕಟಿಸಿದವನು ವಿಲಿಯಂ ಕಿರ್ಕ್‌ಪ್ಯಾಟ್ರಿಕ್. ಪುಸ್ತಕದ ಹೆಸರಿನಲ್ಲೇ 'ಆಯ್ದ ಪತ್ರಗಳು' ಅಂತಿದೆ. ಆಯ್ದವನು ಗೆದ್ದ ಪಕ್ಷದ ಅಧಿಕಾರಿ. ಅವನಿಗೆ ಬೇಕಾದದ್ದು ಮೊದಲು ಹೊರಬಂತು, ಉಳಿದದ್ದು ಪೆಟ್ಟಿಗೆಯಲ್ಲಿ ಉಳಿಯಿತು. ಎಷ್ಟೋ ವರ್ಷ ಜನ ಟಿಪ್ಪುವನ್ನು ಓದಿದ್ದು ಆ ಆಯ್ಕೆಯ ಕಿಟಕಿಯಿಂದ. ತನಗೆ ಬೇಕಾದಷ್ಟನ್ನು ಮಾತ್ರ ಹಂಚುವವನು ಸುಳ್ಳು ಹೇಳದೆಯೂ ಇತಿಹಾಸವನ್ನು ಒಂದು ಕಡೆಗೆ ವಾಲಿಸಬಲ್ಲ.

ಮೆಕೆಂಜಿಯ ಪೆಟ್ಟಿಗೆಗಳು

ಕೋಟೆಗೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಕಾಲಿನ್ ಮೆಕೆಂಜಿ ಎಂಬ ಎಂಜಿನಿಯರ್ ಇದ್ದ. ಯುದ್ಧ ಮುಗಿದ ಮೇಲೆ ಮೈಸೂರು ಸೀಮೆಯ ಸರ್ವೆ ಅವನ ಪಾಲಿಗೆ ಬಂತು. ಬೆಟ್ಟ, ಹೊಳೆ, ಗಡಿ ಅಳೆಯುವುದು ಅವನ ಕೆಲಸ. ಆದರೆ ಅಳತೆಯ ಜೊತೆಗೆ ಊರೂರಿನ ವೃತ್ತಾಂತ, ಶಾಸನ, ಓಲೆಗರಿ, ನಾಣ್ಯ ಎಲ್ಲವನ್ನೂ ಕೂಡಿಸಿದ. ಶಾನುಭೋಗರೂ ಊರ ಹಿರಿಯರೂ ಹೇಳಿ ಬರೆಸಿದ ಇಂಥ ವೃತ್ತಾಂತಗಳಿಗೆ ಕೈಫಿಯತ್ತು ಅಂತ ಹೆಸರು.

ಕೂಡಿಸಿದ್ದು ಅವನೊಬ್ಬನೇ ಅಲ್ಲ. ಕಾವಲಿ ವೆಂಕಟ ಬೊರ್ರಯ್ಯ ಮತ್ತು ಅವನ ತಮ್ಮ ಲಕ್ಷ್ಮಯ್ಯ ಈ ಕೆಲಸದ ಬೆನ್ನೆಲುಬು. ಬೊರ್ರಯ್ಯ 1803ರಲ್ಲೇ ತೀರಿಕೊಂಡ. ಹಳಗನ್ನಡ ಶಾಸನ ಓದಲು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಸಿಕ್ಕಿದ. 'ರಾಜಾವಳಿ ಕಥೆ' ಬರೆದ ದೇವಚಂದ್ರನಿಗೂ ಮೆಕೆಂಜಿಯ ಭೇಟಿಯೇ ಪ್ರೇರಣೆ.

1821ರಲ್ಲಿ ಮೆಕೆಂಜಿ ಸತ್ತ. ಅವನು ಕೂಡಿಸಿದ್ದರಲ್ಲಿ ಅವನೇ ಬಳಸಿ ಬರೆದದ್ದು ತೀರಾ ಕಡಿಮೆ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ, ಡೌನ್‌ಲೋಡ್ ಮಾಡಿಟ್ಟು ತೆರೆಯಲು ಪುರುಸೊತ್ತಾಗದೆ ಹೋದವನು. ಕಂಪನಿ ಅವನ ಹೆಂಡತಿಗೆ 10,000 ಪೌಂಡ್ ಕೊಟ್ಟು ಸಂಗ್ರಹವನ್ನು ಕೊಂಡಿತು. ಎಚ್.ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯ ಪ್ರಕಾರ ಅದರಲ್ಲಿ 8,076 ಶಾಸನ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳು ಇದ್ದವು. ಒಂದಷ್ಟು ಲಂಡನ್‌ಗೆ ಹೋಯಿತು. ದಕ್ಷಿಣದ ಭಾಷೆಗಳ ಬರಹಗಳು ಮದರಾಸಿಗೆ ಮರಳಿದವು.

ಮೆಕೆಂಜಿ ಬಿಟ್ಟುಹೋದ ಕೆಲಸವನ್ನು ಮುಂದುವರಿಸಲು ಬಿಡಿ ಅಂತ 1830ರ ದಶಕದಲ್ಲಿ ಲಕ್ಷ್ಮಯ್ಯ ಕೇಳಿಕೊಂಡ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಿದ್ವಾಂಸರು ಒಪ್ಪಲಿಲ್ಲ. ಊರೂರು ತಿರುಗಿ ತಂದವನು ಓದಲು ಯೋಗ್ಯನಲ್ಲ ಅನ್ನುವ ಧೋರಣೆ. ಪೆಟ್ಟಿಗೆಗಳು ಮದರಾಸಿನಲ್ಲಿ ಉಳಿದವು. ಕನ್ನಡದ ಕೈಫಿಯತ್ತುಗಳು ಒಂದು ದೊಡ್ಡ ಸಂಪುಟವಾಗಿ ಕನ್ನಡ ಓದುಗರ ಕೈಗೆ ಬಂದದ್ದು 1994ರಲ್ಲಿ, ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ. ಜನ ಹೇಳಿ ಬರೆಸಿದ್ದು ಅದೇ ಭಾಷೆಯ ಜನಕ್ಕೆ ಮರಳಲು ಹೆಚ್ಚುಕಡಿಮೆ 180 ವರ್ಷ ಹಿಡಿಯಿತು.

ಮೆಕೆಂಜಿಯನ್ನು ಬೈಯುವುದು ಸುಲಭ. ಆದರೆ ತನಗೆ ಉಪಯೋಗವಿಲ್ಲ ಅಂತ ಅವನು ಒಂದನ್ನೂ ಎಸೆಯಲಿಲ್ಲ. ಎಸೆದಿದ್ದರೆ ಕಲಬುರ್ಗಿಯವರಿಗೆ ಸಂಪಾದಿಸಲು ಏನೂ ಇರುತ್ತಿರಲಿಲ್ಲ. ಇಟ್ಟುಕೊಂಡದ್ದು ಒಳ್ಳೆಯದೇ. ಇಟ್ಟುಕೊಂಡವರಿಂದ ತಡವಾಗಿದ್ದು ಮಾತ್ರ ಊರಿಗೆ ಆದ ನಷ್ಟ. ಆ 180 ವರ್ಷದಲ್ಲಿ ಎಷ್ಟು ಕಲ್ಲು ಕಟ್ಟಡಕ್ಕೆ ಹೋದವೋ, ಎಷ್ಟು ಓಲೆ ಗೆದ್ದಲಿಗೆ ಹೋದವೋ!

ಎಲ್ಲವನ್ನೂ ಕೊಟ್ಟವರು

ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸಂಸ್ಥಾನದ ಪುರಾತತ್ವ ಕೆಲಸಕ್ಕೆ ನಿಂತದ್ದು 1880ರ ದಶಕದಲ್ಲಿ. 1886ರಿಂದ 1905ರವರೆಗೆ ಅವರು 'ಎಪಿಗ್ರಾಫಿಯಾ ಕರ್ನಾಟಿಕ'ದ 12 ಸಂಪುಟ ಹೊರತಂದರು. ಒಟ್ಟು ಸುಮಾರು 9,000 ಶಾಸನ. 1894ರ ಮೂರನೆಯ ಸಂಪುಟದಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿದೆ. 1898ರ ನಾಲ್ಕನೆಯದರಲ್ಲಿ ಕೃಷ್ಣರಾಜಪೇಟೆ, ನಾಗಮಂಗಲ ಇವೆ.

ಕಲ್ಲಿನ ಪಡಿಯಚ್ಚು ತೆಗೆಯುವುದು ಅಂದರೆ ಹಗುರದ ಕೆಲಸವಲ್ಲ. ಕಲ್ಲು ತೊಳೆದು ಪಾಚಿ ಉಜ್ಜಬೇಕು. ಒದ್ದೆ ಕಾಗದ ಹಚ್ಚಿ ಅಕ್ಷರದ ಗುಳಿಯೊಳಗೆ ಇಳಿಯುವ ಹಾಗೆ ಬ್ರಷ್ಷಿನಿಂದ ಬಡಿಯಬೇಕು. ಮೇಲೆ ಮಸಿ ಒತ್ತಬೇಕು. ಆಗ ಅಕ್ಷರ ಬಿಳಿಯಾಗಿ, ಸುತ್ತಲ ಕಲ್ಲು ಕಪ್ಪಾಗಿ ಕಾಣುತ್ತದೆ. ಗಾಡಿ ದಾರಿಯೂ ಸರಿಯಾಗಿಲ್ಲದ ಕಾಲದಲ್ಲಿ ಇದನ್ನು ಊರೂರಲ್ಲಿ ಮಾಡಿಸಿದರು.

ರೈಸ್ ಅವರಿಗೆ ಆಸಕ್ತಿ ಇದ್ದದ್ದು ಮುಖ್ಯವಾಗಿ ರಾಜವಂಶಗಳ ಚರಿತ್ರೆಯಲ್ಲಿ. ಅದಕ್ಕಷ್ಟೇ ಬೇಕಾದ ದೊಡ್ಡ ಶಾಸನಗಳನ್ನು ಆರಿಸಿ ಅಚ್ಚು ಹಾಕಬಹುದಿತ್ತು. ಹಾಗೆ ಮಾಡಲಿಲ್ಲ. ಎರಡು ಸಾಲಿನ ವೀರಗಲ್ಲು, ಅರ್ಧ ಸವೆದ ದಾನದ ಕಲ್ಲು, ಎಲ್ಲಕ್ಕೂ ತಾಲ್ಲೂಕುವಾರು ಒಂದೊಂದು ನಂಬರು ಕೊಟ್ಟರು. ಮೂಲ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ, ಈ ಮೂರನ್ನೂ ಕೊಟ್ಟರು.

ಇದರ ಫಲ ಏನು ಅಂತ ನಾಗಮಂಗಲ 85ನೇ ಶಾಸನದಲ್ಲಿ ನೋಡಬಹುದು. ಅದು ಗಂಗ ದೊರೆ ಶ್ರೀಪುರುಷನ ಕಾಲದ, ಕ್ರಿ.ಶ. 776ರ ದೇವರಹಳ್ಳಿ ತಾಮ್ರಶಾಸನ. ಕುಂದಾಚ್ಚಿ ಎಂಬ ಹೆಣ್ಣುಮಗಳು ಶ್ರೀಪುರದಲ್ಲಿ ಕಟ್ಟಿಸಿದ ಲೋಕತಿಲಕ ಎಂಬ ಜಿನಾಲಯಕ್ಕೆ ದೊರೆ ಕೊಟ್ಟ ದಾನ ಅದರಲ್ಲಿದೆ. ವಂಶಾವಳಿ ಹುಡುಕುವವರಿಗೆ ಅದರಲ್ಲಿ ಬೇಕಾದ್ದು ದೊರೆಯ ಹೆಸರು, ತೇದಿ. ಮುಂದೆ ಬಂದವರಿಗೆ ಬೇಕಾದದ್ದು ಕುಂದಾಚ್ಚಿ. ಪೂರ್ತಿ ಪಾಠ ಕೊಟ್ಟದ್ದರಿಂದ ಇಬ್ಬರಿಗೂ ಸಿಕ್ಕಿತು. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಬಂತು. ರಾಜರನ್ನು ಪಕ್ಕಕ್ಕಿಟ್ಟು ಸಾಮಾನ್ಯ ಜನರ ಬದುಕನ್ನು ಶಾಸನಗಳಿಂದ ಎತ್ತಿ ತೋರಿಸಿದ ಪುಸ್ತಕ ಅದು. ರೈಸ್ ತಮಗೆ ಬೇಕಾದ್ದನ್ನು ಮಾತ್ರ ಕೊಟ್ಟಿದ್ದರೆ ಇಂಥ ಕೆಲಸ ಹೇಗೆ ಸಾಧ್ಯವಾಗುತ್ತಿತ್ತು?

ಇನ್ನೊಂದು ಫಲ ರೈಸ್ ಅವರಿಗೇ ಕಹಿಯಾಗಿತ್ತು. ಗಂಗರ ತಾಮ್ರಪಟಗಳಲ್ಲಿ ಅನೇಕವು ಖೊಟ್ಟಿ ಅಂತ ಜೆ.ಎಫ್. ಫ್ಲೀಟ್ ವಾದ ಹೂಡಿದರು. ವರ್ಷಗಟ್ಟಲೆ ಚರ್ಚೆ ನಡೆಯಿತು. ಫ್ಲೀಟ್ ವಾದ ಮಾಡಲು ಆದದ್ದೇ ರೈಸ್ ಪಾಠವನ್ನು ಎಲ್ಲರ ಮುಂದೆ ಇಟ್ಟಿದ್ದರಿಂದ. ಪೂರ್ತಿ ಕೊಡುವವನು ತನ್ನ ತಪ್ಪು ಹಿಡಿಯುವ ಅವಕಾಶವನ್ನೂ ಕೊಡುತ್ತಾನೆ. ಬಹುಶಃ ನಾವು ಫೈಲು ಮುಚ್ಚಿಟ್ಟುಕೊಳ್ಳುವುದಕ್ಕೆ ಇದೇ ಒಂದು ಕಾರಣ.

ರೈಸ್ ನಂತರ ಬಂದ ಆರ್. ನರಸಿಂಹಾಚಾರ್, ಆಮೇಲೆ ಎಂ.ಎಚ್. ಕೃಷ್ಣ, ಹೊಸದಾಗಿ ಸಿಕ್ಕಿದ ಶಾಸನಗಳನ್ನು ಇಲಾಖೆಯ ವಾರ್ಷಿಕ ವರದಿಗಳಲ್ಲಿ ಹಾಕುತ್ತಾ ಹೋದರು. ದೊಡ್ಡ ಪುಸ್ತಕ ಆಗುವವರೆಗೆ ಕಾಯದೆ ವರ್ಷವರ್ಷದ ಲೆಕ್ಕ ಒಪ್ಪಿಸುವ ಪದ್ಧತಿ. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಇವನ್ನೆಲ್ಲ ಸೇರಿಸಿ ಪರಿಷ್ಕೃತ ಆವೃತ್ತಿಗೆ ಕೈಹಾಕಿತು. ಆರನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ಇವೆ. ಏಳನೆಯದರಲ್ಲಿ ಮಂಡ್ಯ, ಮದ್ದೂರು, ಮಳವಳ್ಳಿಯ ಜೊತೆ ನಾಗಮಂಗಲ ಇದೆ. ನಮ್ಮ ನಾಲ್ಕು ತಾಲ್ಲೂಕು ಈ ಎರಡು ಸಂಪುಟದಲ್ಲಿ ಮುಗಿಯುತ್ತದೆ.

ಹೆಸರು, ನೀರು

ಹಂಚುವುದು ಅಂದರೆ ಫೈಲು ಕಳಿಸುವುದಷ್ಟೇ ಅಲ್ಲ ಅನ್ನುವುದಕ್ಕೆ ಎರಡು ಉದಾಹರಣೆ.

ತೊಣ್ಣೂರು, ಮೇಲುಕೋಟೆಯ ಶಾಸನ ಬೇಕಾಗಿ ರೈಸ್ ಸಂಪುಟದಲ್ಲಿ 'ಪಾಂಡವಪುರ ತಾಲ್ಲೂಕು' ಹುಡುಕಿದರೆ ಸಿಗುವುದಿಲ್ಲ. ಆಗ ಆ ಊರುಗಳು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿದ್ದವು. ಇವತ್ತಿನ ಪಾಂಡವಪುರ ಪಟ್ಟಣ ಬ್ರಿಟಿಷರ ಕಾಗದಗಳಲ್ಲಿ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಅಲ್ಲಿದ್ದರು ಅನ್ನುವ ಕಾರಣಕ್ಕೆ. ಊರವರ ಬಾಯಲ್ಲಿ ಹಿರೋಡೆ. ಮೂರು ಹೆಸರಿನ ಊರಿನ ಫೋಟೊವನ್ನು ನಾವು ಹೆಸರೇ ಇಲ್ಲದೆ, ವಾಟ್ಸಾಪ್ ಕೊಟ್ಟ ನಂಬರಿನಲ್ಲಿ ಕಳಿಸಿದರೆ ಐದು ವರ್ಷದ ಮೇಲೆ ಅದು ಯಾವ ಊರ ಕಲ್ಲು ಅಂತ ಕಳಿಸಿದವನಿಗೇ ಗೊತ್ತಿರುವುದಿಲ್ಲ.

ಎರಡನೆಯದು ಕನ್ನಂಬಾಡಿ. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಯಿತು. ಹಳೆಯ ಕನ್ನಂಬಾಡಿ ನೀರಿನಡಿ ಹೋಯಿತು. ಆದರೆ ನೀರು ಏರುವ ಮೊದಲೇ ಅಲ್ಲಿನ ಗುಡಿಗಳ ವಿವರ ದಾಖಲೆಗೆ ಸೇರಿತ್ತು. ಅಣೆಕಟ್ಟೆಯಲ್ಲಿ ನೀರು ಇಳಿದ ಬರಗಾಲದ ವರ್ಷಗಳಲ್ಲಿ ವೇಣುಗೋಪಾಲಸ್ವಾಮಿ ಗುಡಿ ಮೇಲೆದ್ದು ಕಾಣುತ್ತಿತ್ತು. ಕೊನೆಗೆ ಖೋಡೇಸ್ ಪ್ರತಿಷ್ಠಾನ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿತು. ಅಂಥ ಅದೃಷ್ಟ ಎಲ್ಲ ಗುಡಿಗೂ ಇಲ್ಲ. ರಸ್ತೆ ಅಗಲವಾಗುವಾಗ, ಕೆರೆ ಏರಿ ಬಲಪಡಿಸುವಾಗ, ಗುಡಿಗೆ ಹೊಸ ಟೈಲ್ಸ್ ಹಾಕುವಾಗ ಹೋಗುವ ಕಲ್ಲಿಗೆ ಉಳಿಯುವುದು ಯಾರೋ ತೆಗೆದ ಪ್ರತಿ ಮಾತ್ರ. ನೀವು ಬೇಡ ಅಂತ ಬಿಟ್ಟ ಫೋಟೊ ಒಂದೇ ಪ್ರತಿ ಆಗಿರಬಹುದು.

ನಮ್ಮ ಪಾಲಿನ ಮರ್ಯಾದೆ

ಕನ್ನಡದಲ್ಲಿ ಈ ಮರ್ಯಾದೆ ಹೊಸದಲ್ಲ. 10ನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಜೈನರಲ್ಲಿ ಶಾಸ್ತ್ರದಾನಕ್ಕೆ ಅನ್ನದಾನದ ಸಾಲಿನಲ್ಲೇ ಜಾಗ. ಓಲೆಗರಿ ಪ್ರತಿ ಮಾಡುತ್ತಿದ್ದವರು ಕೊನೆಯಲ್ಲಿ ತಮ್ಮ ಹೆಸರು, ತಿಥಿ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಅಂತ ಓದುವವರನ್ನು ಕೇಳಿಕೊಳ್ಳುತ್ತಿದ್ದರು. ನೀರು, ಎಣ್ಣೆಯಿಂದ ಕಾಪಾಡಿ ಅಂತಲೂ ಬೇಡುತ್ತಿದ್ದರು. ಯಾರು ಮಾಡಿದ್ದು, ಯಾವಾಗ ಮಾಡಿದ್ದು, ತಪ್ಪಿರಬಹುದು, ಜೋಪಾನ. ಇವತ್ತು ಒಂದು ಫೈಲಿನ ಜೊತೆ ಹೋಗಬೇಕಾದ ಮಾಹಿತಿಯೂ ಇಷ್ಟೇ.

ನಾವು ಕೆಲವರು ಕೂತು ನಮ್ಮ ಮಟ್ಟಿಗೆ ಹೀಗೆ ಒಪ್ಪಿಕೊಂಡಿದ್ದೇವೆ.

ಚಂದ ಬಂದ ಒಂದನ್ನಲ್ಲ, ತೆಗೆದ ಅಷ್ಟೂ ಫೋಟೊ ಕೊಡುವುದು. ನಮಗೆ ಮಸುಕಾಗಿ ಕಂಡದ್ದರಲ್ಲಿ ಬಲ್ಲವರಿಗೆ ಒಂದು ಅಕ್ಷರ ಸಿಗಬಹುದು. ಫೈಲಿನ ಹೆಸರಿನಲ್ಲೇ ಊರು, ಹೋಬಳಿ, ತಾಲ್ಲೂಕು, ತೆಗೆದ ದಿನ ಹಾಕುವುದು. ವಾಟ್ಸಾಪಿನಲ್ಲಿ ಕಳಿಸಬೇಕಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸುವುದು. ಇಲ್ಲದಿದ್ದರೆ ಅಕ್ಷರದ ಅಂಚು ಸವೆದು ಹೋಗುತ್ತದೆ. ಕಲ್ಲಿನ ಮೇಲೆ ಸುಣ್ಣ, ಎಣ್ಣೆ ಬಳಿಯದೆ, ಇಳಿಬಿಸಿಲಿನಲ್ಲೋ ಪಕ್ಕದಿಂದ ಟಾರ್ಚ್ ಬಿಟ್ಟೋ ತೆಗೆಯುವುದು. ಓದಲು ಆಗದ ಕಡೆ ಊಹೆ ತುಂಬದೆ ಚುಕ್ಕಿ ಇಡುವುದು.

ಹಕ್ಕಿನ ವಿಷಯ ನೋಡಿಕೊಳ್ಳುವುದು. ರೈಸ್ 1927ರಲ್ಲಿ ತೀರಿಕೊಂಡರು. ನಮ್ಮ ಕಾನೂನಿನಲ್ಲಿ ಲೇಖಕ ಸತ್ತ 60 ವರ್ಷಕ್ಕೆ ಹಕ್ಕು ಮುಗಿಯುವುದರಿಂದ ಅವರ ಸಂಪುಟಗಳನ್ನು ಯಾರು ಬೇಕಾದರೂ ಹಂಚಬಹುದು. ಇಂಟರ್‌ನೆಟ್ ಆರ್ಕೈವ್‌ನಲ್ಲೂ ಅವು ಸಿಗುತ್ತವೆ. ಪರಿಷ್ಕೃತ ಸಂಪುಟಗಳ ಮಾತು ಬೇರೆ. ಒಬ್ಬರ ಮನೆಯ ಓಲೆಗರಿ, ತಾಮ್ರಪಟವಂತೂ ಆ ಮನೆಯವರ ಒಪ್ಪಿಗೆ ಇಲ್ಲದೆ ಹೊರಗೆ ಹೋಗಬಾರದು.

ಒಂದು ಕಡೆ ಮಾತ್ರ ನಮ್ಮಲ್ಲೇ ವಾದ ಆಯಿತು. ಕಲ್ಲಿನ ಲೊಕೇಶನ್ ಎಲ್ಲರಿಗೂ ಕಾಣುವ ಹಾಗೆ ಹಾಕಬೇಕೆ? ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳ 3ಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ತೆರೆದಿಡುತ್ತಿದೆ. ಅದು ಒಳ್ಳೆಯ ಮಾದರಿ. ಆದರೆ ನಮ್ಮ ಕಡೆ ಹೊಲದ ನಡುವೆ ಒಂಟಿ ನಿಂತ ಕಲ್ಲಿನ ಬುಡವನ್ನು ನಿಧಿಗಳ್ಳರು ಅಗೆಯುತ್ತಾರೆ. ಹಾಗಾಗಿ ಕಾವಲಿಲ್ಲದ ಕಲ್ಲಿನ ಪೂರ್ತಿ ವಿಳಾಸವನ್ನು ಇಲಾಖೆಗೆ, ಪಂಚಾಯಿತಿಗೆ, ಕೇಳಿ ಬಂದ ಅಧ್ಯಯನಕಾರರಿಗೆ ಕೊಟ್ಟು, ಹೊರಗೆ ಹಾಕುವಾಗ ಊರ ಹೆಸರಿಗೆ ನಿಲ್ಲಿಸುವುದು ಅಂತ ತೀರ್ಮಾನಿಸಿದೆವು. ಇದು ಸರಿಯೋ ತಪ್ಪೋ, ತಿದ್ದುವವರಿದ್ದರೆ ತಿದ್ದಲಿ.

ಕೊನೆಯದು, ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು: ಒಂದು ಪ್ರತಿ ಊರಿಗೆ. ರೈಸ್ ಅವರ ದಪ್ಪ ಇಂಗ್ಲಿಷ್ ಸಂಪುಟ ಹಳ್ಳಿಗೆ ಬರಲಿಲ್ಲ. ಪರಿಷ್ಕೃತ ಸಂಪುಟವೂ ಲೈಬ್ರರಿಯ ಬೀರುವಿನಿಂದ ಆಚೆ ಬಂದದ್ದು ಕಡಿಮೆ. ಒಂದು ಎ4 ಹಾಳೆ ಸಾಕು.

ಆ ತಾತನ ಊರಿನ ಕಲ್ಲು ಆರನೆಯ ಸಂಪುಟದಲ್ಲಿತ್ತು. ಹುಡುಕಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ಎರಡು ವರ್ಷ ಸುಮ್ಮನೆ ಕೂತಿದ್ದೆ. ಸರಳ ಕನ್ನಡದಲ್ಲಿ ಅರ್ಥ ಬರೆದು, ಫೋಟೊ ಜೊತೆ ಪ್ರಿಂಟ್ ತೆಗೆದುಕೊಂಡು ಹೋದೆ. ತಾತ ಜಗಲಿ ಮೇಲಿದ್ದರು. ಕೆರೆ ಕಟ್ಟಿಸಿದವನಿಗೆ ಬಿಟ್ಟ ಗದ್ದೆಯ ವಿಷಯ ಓದಿ ಹೇಳಿದೆ. ಕೇಳಿಸಿಕೊಂಡು ಹಾಳೆ ಈಸಿಕೊಂಡರು.

"ನಮ್ಮೂರೆಸ್ರು ಎಲ್ಲದೆ ತೋರ್ಸು" ಅಂದರು.

ಆ ಸಾಲಿನ ಮೇಲೆ ಬೆರಳಿಟ್ಟೆ. ಅವರೂ ಅಲ್ಲೇ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿ, ಮೊಮ್ಮಗಳನ್ನು ಕರೆದು ಹಾಳೆಯನ್ನು ಅವಳ ಪುಸ್ತಕದೊಳಗೆ ಇಡಲು ಕೊಟ್ಟರು.